ಮಕ್ಕಳು ಯಾವ ವಿಭಕ್ತಿಯಲ್ಲಿದ್ದರು?

ಪಾಠ ಹೇಳುವ ಕೆಲಸದಿಂದ ನಿವೃತ್ತಿಯುಂಟು. ಪಾಠ ಹೇಳಿ ಬಂದ ಅಭ್ಯಾಸಗಳಿಗೆ ನಿವೃತ್ತಿಯಿಲ್ಲ. ಬಹಳ ವರ್ಷ ಕನ್ನಡ ವ್ಯಾಕರಣವನ್ನು ಕಲಿಸಿದವನಾದ್ದರಿಂದ, ಪತ್ರಿಕೆಯನ್ನು ಓದುವಾಗಲೂ ಸುದ್ದಿಯನ್ನು ಕೇಳುವಾಗಲೂ ನನ್ನ ಗಮನ ಮೊದಲು ಹೋಗುವುದು ಪದಗಳ ಕೊನೆಗೆ, ಅಂದರೆ ಪ್ರತ್ಯಯಗಳ ಕಡೆಗೆ. ಕೊರೋನಾ ಮಹಾಮಾರಿಯ ಕಾಲದಲ್ಲಿ ಈ ಅಭ್ಯಾಸ ನನಗೊಂದು ವಿಚಿತ್ರವಾದ ಸಂಗತಿಯನ್ನು ತೋರಿಸಿಕೊಟ್ಟಿತು. ಆ ದಿನಗಳಲ್ಲಿ ಮಕ್ಕಳ ಮಾತು ಬಾರದ ದಿನವೇ ಇರಲಿಲ್ಲ. 'ಮಕ್ಕಳನ್ನು ಹೊರಗೆ ಬಿಡಬೇಡಿ' ಎಂದರು, ಅದು ದ್ವಿತೀಯಾ. 'ಮಕ್ಕಳಿಂದ ಹಿರಿಯರಿಗೆ ಅಪಾಯ' ಎಂದರು, ಅದು ತೃತೀಯಾ. 'ಮಕ್ಕಳಿಗೆ ಸೋಂಕು' ಎಂಬುದು ಚತುರ್ಥೀ, 'ಮಕ್ಕಳ ಮೇಲೆ ಮೂರನೆಯ ಅಲೆ' ಎಂಬುದು ಷಷ್ಠೀ, 'ಮಕ್ಕಳಲ್ಲಿ ಆತಂಕ' ಎಂಬುದು ಸಪ್ತಮೀ. ಹೀಗೆ ವಿಭಕ್ತಿಗಳ ಮೆರವಣಿಗೆಯೇ ನಡೆಯಿತು. ಅಪರೂಪವಾದದ್ದು ಒಂದೇ: ಪ್ರಥಮಾ ವಿಭಕ್ತಿ. 'ಮಕ್ಕಳು ಹೇಳಿದರು', 'ಮಕ್ಕಳು ಕೇಳಿದರು' ಎಂಬ ವಾಕ್ಯಗಳನ್ನು ಹುಡುಕಿ ತೆಗೆಯಬೇಕಾಗಿತ್ತು. ಮಕ್ಕಳು ಕರ್ಮವಾಗಿದ್ದರು, ಕರಣವಾಗಿದ್ದರು, ಅಧಿಕರಣವಾಗಿದ್ದರು, ಕರ್ತೃವಾಗಿರಲಿಲ್ಲ.

ಇದು ಬರಿಯ ವ್ಯಾಕರಣದ ವಿನೋದವಲ್ಲ. ಯಾರು ವಾಕ್ಯದ ಕರ್ತೃವಾಗುವುದಿಲ್ಲವೋ ಅವರ ಪರವಾಗಿ ಬೇರೆಯವರು ನಿರ್ಧರಿಸುತ್ತಾರೆ. ಆ ಬೇರೆಯವರು ಒಳ್ಳೆಯವರೇ ಆಗಿರಬಹುದು, ಅವರ ಉದ್ದೇಶ ರಕ್ಷಣೆಯೇ ಆಗಿರಬಹುದು. ಆದರೂ ಅವರ ಕಣ್ಣಿಗೆ ಬೀಳುವ ನಷ್ಟ ಒಂದು, ಮಗುವಿಗೆ ಆಗುವ ನಷ್ಟ ಇನ್ನೊಂದು. ಮಹಾಮಾರಿಯ ಆ ಎರಡು ವರ್ಷಗಳಲ್ಲಿ ನಮ್ಮ ರಾಜ್ಯದ ಮಕ್ಕಳ ಪಾಲಿಗೆ ನಡೆದದ್ದು ಇದೇ ಎಂದು ನನಗೆ ತೋರುತ್ತದೆ. ಅದನ್ನು ಈಗ ಸಮಾಧಾನದಿಂದ ನೆನೆಯುವ ಅಗತ್ಯವಿದೆ.

ಮೊದಲು ನ್ಯಾಯವಾದ ಒಂದು ಮಾತು. 2020ರ ಮಾರ್ಚ್ ತಿಂಗಳಿನಲ್ಲಿ ಶಾಲೆಗಳನ್ನು ಮುಚ್ಚಿದ್ದನ್ನು ನಾನು ತಪ್ಪೆನ್ನಲಾರೆ. ಬೆಂಗಳೂರಿನ ಚಿಕ್ಕ ಮಕ್ಕಳ ತರಗತಿಗಳು ಮೊದಲು ನಿಂತವು; ಆ ತಿಂಗಳ ಮಧ್ಯದ ಹೊತ್ತಿಗೆ ರಾಜ್ಯದ ಶಾಲೆಗಳೆಲ್ಲ ಮುಚ್ಚಿದವು; 24ರ ನಡುರಾತ್ರಿಯಿಂದ ದೇಶವೇ ಮನೆಯೊಳಗೆ ಕುಳಿತಿತು. ಆಗ ಆ ರೋಗದ ಸ್ವಭಾವ ವೈದ್ಯರಿಗೂ ತಿಳಿದಿರಲಿಲ್ಲ. ಅಜ್ಜ ಅಜ್ಜಿಯರ ಮಡಿಲಲ್ಲಿ ಬೆಳೆಯುವ ಮಕ್ಕಳು ನಮ್ಮವರು. ಮಗುವಿಗೆ ಏನೂ ಆಗದಿದ್ದರೂ ಅದು ತಂದ ಸೋಂಕು ಮನೆಯ ಹಿರಿಯರನ್ನು ತೆಗೆದುಕೊಂಡು ಹೋಗಬಹುದಾಗಿತ್ತು. ಕತ್ತಲೆಯಲ್ಲಿ ನಡೆಯುವವನು ಮೊದಲು ನಿಲ್ಲುತ್ತಾನೆ. ಅದು ವಿವೇಕವೇ ಸರಿ. ನನ್ನ ಪ್ರಶ್ನೆ ನಿಂತದ್ದರ ಬಗ್ಗೆ ಅಲ್ಲ. ಬೆಳಕು ಸ್ವಲ್ಪ ಸ್ವಲ್ಪವಾಗಿ ಬಂದ ಮೇಲೂ ಹೆಜ್ಜೆ ಎತ್ತದೆ ಹೋದದ್ದರ ಬಗ್ಗೆ.

ಏಕೆ ಹೆಜ್ಜೆ ಎತ್ತಲಿಲ್ಲ? ಪ್ರತಿದಿನ ಸಂಜೆ ಆರೋಗ್ಯ ಇಲಾಖೆಯ ಪ್ರಕಟಣೆ ಬರುತ್ತಿದ್ದುದು ಎಲ್ಲರಿಗೂ ನೆನಪಿರಬೇಕು. ಇಂದು ಇಷ್ಟು ಸೋಂಕು, ಇಷ್ಟು ಸಾವು, ಇಷ್ಟು ಗುಣಮುಖ, ಜಿಲ್ಲಾವಾರು ಇಂತಿಷ್ಟು. ಅಂಕೆಗಳು ಬೇಕಾಗಿದ್ದವು, ಅವುಗಳನ್ನು ಕೊಟ್ಟವರು ಹಗಲಿರುಳು ದುಡಿದರು. ಆದರೆ ದಿನವೂ ಎಣಿಸಿ ಹೇಳಲು ಬರುವ ಕೇಡು ಸುದ್ದಿಯಾಗುತ್ತದೆ. ಎಣಿಸಲು ಬಾರದ ಕೇಡು ಸುದ್ದಿಯಾಗುವುದಿಲ್ಲ. ಇಂದು ಇಷ್ಟು ಮಕ್ಕಳು ಒತ್ತಕ್ಷರವನ್ನು ಮರೆತರು, ಇಷ್ಟು ಮಕ್ಕಳು ಬಿಸಿಯೂಟವಿಲ್ಲದೆ ಉಳಿದರು, ಇಷ್ಟು ಹುಡುಗರು ಗ್ಯಾರೇಜಿಗೂ ಹೊಲಕ್ಕೂ ಹೋದರು ಎಂಬ ಪ್ರಕಟಣೆ ಯಾವ ಸಂಜೆಯೂ ಬರಲಿಲ್ಲ. ಒಂದು ಕಡೆಯ ನಷ್ಟ ಮಾತ್ರ ತಕ್ಕಡಿಗೆ ಬಿದ್ದರೆ ತಕ್ಕಡಿ ಯಾವ ಕಡೆ ವಾಲಬೇಕೋ ಆ ಕಡೆಗೇ ವಾಲುತ್ತದೆ. ಅದನ್ನು ಹಿಡಿದ ಕೈ ಎಷ್ಟೇ ಪ್ರಾಮಾಣಿಕವಾಗಿದ್ದರೂ ಫಲ ಅದೇ.

ಇದಕ್ಕೆ ವಿದ್ಯಾಗಮವೇ ಉದಾಹರಣೆ. 2020ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಸಾರ್ವಜನಿಕ ಶಿಕ್ಷಣ ಇಲಾಖೆ ಈ ಕಾರ್ಯಕ್ರಮವನ್ನು ಆರಂಭಿಸಿತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲಿ ಎಂಬುದು ಅದರ ತಿರುಳು. ಯಾರ ಮನೆಯಲ್ಲಿ ಅಂತರ್ಜಾಲವುಳ್ಳ ಫೋನ್ ಇದೆ, ಯಾರ ಮನೆಯಲ್ಲಿ ಬರಿಯ ಮಾತಾಡುವ ಫೋನ್ ಇದೆ, ಯಾರ ಮನೆಯಲ್ಲಿ ಅದೂ ಇಲ್ಲ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಿದರು. ಶಿಕ್ಷಕರು ಊರೊಳಗೆ, ಕೇರಿಯೊಳಗೆ ಹೋಗಿ ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳು, ಎಲ್ಲಿ ಸಾಧ್ಯವೋ ಅಲ್ಲಿ ಕುಳಿತು ಪಾಠ ಹೇಳಿದರು. ನಾನು ಬೆಳಗಿನ ನಡಿಗೆಗೆ ಹೋಗುವ ದಾರಿಯ ಹಳ್ಳಿಯಲ್ಲಿ ಇಂಥದೊಂದು ತರಗತಿ ನಡೆಯುತ್ತಿತ್ತು. ಹೊಂಗೆಯ ಮರದ ಕೆಳಗೆ ಹತ್ತು ಹದಿನೈದು ಮಕ್ಕಳು, ಮೂಗಿನಿಂದ ಜಾರುವ ಮುಖಗವಸುಗಳು, ಗೋಡೆಗೆ ಒರಗಿಸಿಟ್ಟ ಒಂದು ಹಲಗೆ. ಪಾಠ ಮುಗಿಸಿ ಎದ್ದ ಶಿಕ್ಷಕಿಯನ್ನು ಒಬ್ಬ ಹುಡುಗಿ, 'ಟೀಚರ್, ನಾಳೇನೂ ಬರ್ತೀರಾ?' ಎಂದು ಕೇಳಿದಳು. ಮಕ್ಕಳು ರಜೆಯನ್ನು ಕೇಳುವುದನ್ನು ನಾನು ಬಾಳಿನುದ್ದಕ್ಕೂ ಕಂಡಿದ್ದೆ. ನಾಳೆಯ ಪಾಠವನ್ನು ಕೇಳುವುದನ್ನು ಕಂಡದ್ದು ಅಂದೇ.

ವಿದ್ಯಾಗಮದಲ್ಲಿ ಕುಂದುಗಳಿರಲಿಲ್ಲವೆ? ಇದ್ದವು. ಎಲ್ಲ ಕಡೆಯೂ ಅಂತರವನ್ನು ಕಾಪಾಡಲಾಗಲಿಲ್ಲ. ಶಿಕ್ಷಕರಿಗೆ ರಕ್ಷಣೆಯ ಏರ್ಪಾಡು ಸಾಲದಾಗಿತ್ತು. ಸೋಂಕು ತಗುಲಿದ ಶಿಕ್ಷಕರ, ತೀರಿಹೋದ ಶಿಕ್ಷಕರ ಸುದ್ದಿಗಳು ಬಂದವು. ಆ ಸಾವುಗಳನ್ನು ಯಾರೂ ಹಗುರವಾಗಿ ಎಣಿಸಬಾರದು. ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಮಕ್ಕಳಿಗೆ ಸೋಂಕು ಕಂಡುಬಂದ ವರದಿಯೂ ಬಂತು. ಪತ್ರಿಕೆಗಳೂ ವಾಹಿನಿಗಳೂ ಇದನ್ನು ಕೈಗೆತ್ತಿಕೊಂಡವು, ರಾಜಕೀಯ ನಾಯಕರು ದನಿಗೂಡಿಸಿದರು. ಅಕ್ಟೋಬರ್ 10ರಂದು ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಮರುದಿನವೇ ಶಾಲೆಗಳಿಗೆ ಮೂರು ವಾರಗಳ ರಜೆ ಸಾರಲಾಯಿತು.

ಇಲ್ಲಿ ಸುದ್ದಿ ಸುಳ್ಳಾಗಿರಲಿಲ್ಲ. ಆದರೆ ಕೇಳಬೇಕಾದ ಎರಡು ಪ್ರಶ್ನೆಗಳು ಕೇಳದೆ ಉಳಿದವು. ಆ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ್ದು ಪಾಠದಲ್ಲಿಯೋ, ಸಂತೆಯಲ್ಲಿಯೋ, ಮನೆಯಲ್ಲಿಯೋ? ಇದು ಒಂದು. ಪಾಠ ನಿಂತರೆ ಆ ಮಕ್ಕಳು ಎಲ್ಲಿರುತ್ತಾರೆ? ಇದು ಇನ್ನೊಂದು. ಪಾಠ ನಿಂತೊಡನೆ ಮಕ್ಕಳು ಗಾಜಿನ ಪೆಟ್ಟಿಗೆಯೊಳಗೆ ಕೂರಲಿಲ್ಲ. ಅದೇ ಬೀದಿಯಲ್ಲಿ ಆಡಿದರು, ಅದೇ ಹೊಲದಲ್ಲಿ ದುಡಿದರು, ಅದೇ ಮದುವೆಗಳಲ್ಲಿ ಉಂಡರು. ನಿಂತದ್ದು ಸೋಂಕಲ್ಲ, ಪಾಠ. ಕಾರ್ಯಕ್ರಮದ ಕುಂದುಗಳನ್ನು ತಿದ್ದಿ ಮುಂದುವರಿಸಬಹುದಾಗಿತ್ತು. ಜನವರಿಯಲ್ಲಿ ಅದನ್ನು ಪರಿಷ್ಕರಿಸಿ ಮೇಲಿನ ತರಗತಿಗಳಿಗೆ ಮತ್ತೆ ತಂದದ್ದೇ ಇದಕ್ಕೆ ಸಾಕ್ಷಿ. ಒಂದರಿಂದ ಐದರವರೆಗಿನ ಮಕ್ಕಳಿಗೆ ಆ ಭಾಗ್ಯವೂ ಬರಲಿಲ್ಲ.

ಒಂದು ಸಮಾಜದ ಮನಸ್ಸನ್ನು ತಿಳಿಯಬೇಕಾದರೆ ಅದು ಬಾಗಿಲುಗಳನ್ನು ಯಾವ ಕ್ರಮದಲ್ಲಿ ತೆರೆಯಿತೆಂಬುದನ್ನು ನೋಡಬೇಕು. ನಮ್ಮ ರಾಜ್ಯದಲ್ಲಿ ಮದ್ಯದ ಅಂಗಡಿಗಳು 2020ರ ಮೇ 4ರಂದು ತೆರೆದವು. ಜೂನ್ 8ರಂದು ದೇವಾಲಯಗಳು ತೆರೆದವು. ಸೆಪ್ಟೆಂಬರ್ ಮೊದಲ ದಿನ ಬಾರುಗಳಲ್ಲಿ ಕುಳಿತು ಕುಡಿಯಲು ಅನುಮತಿ ದೊರೆಯಿತು. ಅಕ್ಟೋಬರ್ ಮಧ್ಯದಲ್ಲಿ ಚಿತ್ರಮಂದಿರಗಳಿಗೆ. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆಗಳು ನಡೆದವು. ಮತದಾನಕ್ಕೆ ಊರೂರಿನ ಶಾಲೆಯ ಕೊಠಡಿಗಳನ್ನೇ ತೆರೆದರು. ಮತ ಹಾಕುವವರಿಗೆ ತೆರೆದ ಆ ಬಾಗಿಲು ಮತವಿಲ್ಲದವರಿಗೆ ತೆರೆಯಲಿಲ್ಲ. ಹತ್ತನೆಯ ತರಗತಿ ಹಾಗೂ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳು 2021ರ ಜನವರಿ 1ರಂದು ಶಾಲೆ ಕಾಲೇಜುಗಳಿಗೆ ಬಂದರು. ಆಮೇಲೆ ಭೀಕರವಾದ ಎರಡನೆಯ ಅಲೆ. ಅದು ಇಳಿದ ಮೇಲೆ ಆಗಸ್ಟ್ 23ರಿಂದ ಒಂಬತ್ತು ಮತ್ತು ಮೇಲಿನ ತರಗತಿಗಳು, ಸೆಪ್ಟೆಂಬರ್ 6ರಿಂದ ಆರರಿಂದ ಎಂಟು. ಅಕ್ಟೋಬರ್ ಮೊದಲ ದಿನ ಚಿತ್ರಮಂದಿರಗಳು ಪೂರ್ತಿ ತುಂಬಲು ಅಪ್ಪಣೆಯಾಯಿತು. ಒಂದರಿಂದ ಐದನೆಯ ತರಗತಿಗಳ ಸರದಿ ಬಂದದ್ದು ಅಕ್ಟೋಬರ್ 25ರಂದು. ಅಂಗನವಾಡಿಗಳದ್ದು ನವೆಂಬರ್ 8ರಂದು. ಲೆಕ್ಕ ಹಾಕಿ ನೋಡಿ: ಚಿಕ್ಕ ಮಕ್ಕಳ ಶಾಲೆ ಹತ್ತೊಂಬತ್ತು ತಿಂಗಳು ಮುಚ್ಚಿತ್ತು. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ ಮಗು ಶಾಲೆಯ ಹೊಸಿಲನ್ನು ಮೊದಲು ತುಳಿದದ್ದು ಎರಡನೆಯ ತರಗತಿಯ ವಿದ್ಯಾರ್ಥಿಯಾಗಿ.

ಡೆನ್ಮಾರ್ಕ್ ದೇಶ ಈ ಕ್ರಮವನ್ನು ತಿರುವುಮುರುವು ಮಾಡಿತು. ಅಲ್ಲಿ 2020ರ ಏಪ್ರಿಲ್ 15ರಂದು ಮೊದಲು ತೆರೆದದ್ದೇ ಶಿಶುವಿಹಾರಗಳು ಮತ್ತು ಕೆಳಗಿನ ತರಗತಿಗಳು. ಅದು ಸಣ್ಣ ದೇಶ, ಅಲ್ಲಿನ ಕೊಠಡಿಗಳಲ್ಲಿ ಮಕ್ಕಳು ಕಡಿಮೆ. ಅದನ್ನು ನಮ್ಮ ಮೇಲೆ ಹಾಗೆಯೇ ಹೊದಿಸಲಾಗದು. ಆದರೆ ಕ್ರಮ ಎಂಬುದು ಹಣದ ಪ್ರಶ್ನೆಯಲ್ಲ, ಆಯ್ಕೆಯ ಪ್ರಶ್ನೆ. ಚಿಕ್ಕವರು ಮೊದಲು ಎಂದು ಅವರು ಆರಿಸಿದರು. ಚಿಕ್ಕವರು ಕೊನೆಗೆ ಎಂದು ನಾವು ಆರಿಸಿದೆವು.

ಮನಸ್ಸು ಮಾಡಿದರೆ ನಮ್ಮಲ್ಲಿಯೂ ಸಾಧ್ಯವಿತ್ತೆಂಬುದಕ್ಕೆ ಎಸ್.ಎಸ್.ಎಲ್.ಸಿ. ಪರೀಕ್ಷೆಯೇ ನಿದರ್ಶನ. 2020ರ ಜೂನ್ 25ರಿಂದ, ಎಲ್ಲೆಲ್ಲೂ ಭಯ ತುಂಬಿದ್ದಾಗ, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ರಾಜ್ಯ ಪರೀಕ್ಷೆ ನಡೆಸಿತು. ಪರೀಕ್ಷೆ ಬೇಡವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದರು, ಅನಾಹುತವಾದೀತೆಂದು ಎಚ್ಚರಿಸಿದವರಿದ್ದರು. ಬಾಗಿಲಲ್ಲಿ ಜ್ವರ ನೋಡಿದರು, ಕೈಗೆ ಸ್ಯಾನಿಟೈಸರ್ ಹಾಕಿದರು, ದೂರ ದೂರ ಕೂರಿಸಿದರು, ಅನಾರೋಗ್ಯದ ಮಕ್ಕಳಿಗೆ ಬೇರೆ ಕೊಠಡಿ ಕೊಟ್ಟರು, ಪರೀಕ್ಷೆ ನಡೆಯಿತು. ಇಷ್ಟು ದಕ್ಷತೆ ಇದ್ದ ನಾಡಿನಲ್ಲಿ ಆರು ವರ್ಷದ ಮಗುವಿಗಾಗಿ ಅದರ ಕಾಲುಭಾಗವೂ ಏಕೆ ಒದಗಲಿಲ್ಲ? ನನಗೆ ತೋರುವ ಉತ್ತರ ಇಷ್ಟೆ. ಪರೀಕ್ಷೆ ಎಣಿಕೆಗೆ ಸಿಗುವಂಥದ್ದು, ಅದಕ್ಕೆ ಅಂಕವಿದೆ, ಫಲಿತಾಂಶವಿದೆ. ಅಕ್ಷರ ಕಲಿಯುವುದಕ್ಕೆ ಅದಾವುದೂ ಇಲ್ಲ.

ಇನ್ನು ಮೂರನೆಯ ಅಲೆಯ ಮಾತು. ನಮ್ಮ ಭಾಷೆಯಲ್ಲಿ ಸಂಭಾವನಾರ್ಥಕ ಎಂಬ ಒಂದು ಸೊಗಸಾದ ಕ್ರಿಯಾರೂಪವಿದೆ: ಬಂದಾನು, ಬಂದಾಳು, ಬಂದೀತು. ಆಗಬಹುದು, ಆಗದೆಯೂ ಇರಬಹುದು ಎಂಬ ಎರಡು ಅರ್ಥಗಳನ್ನು ಅದು ಒಂದೇ ಪದದಲ್ಲಿ ಹಿಡಿದಿಡುತ್ತದೆ. ವಿಜ್ಞಾನಿಗಳ ಮಾತು ಬಹುಪಾಲು ಈ ರೂಪದ್ದು. 2021ರ ಮೇ ತಿಂಗಳಿನಲ್ಲಿ, ಎರಡನೆಯ ಅಲೆಯ ಚಿತೆಗಳು ಆರುವ ಮುಂಚೆಯೇ, ಮುಂದಿನ ಅಲೆ ಬಂದೀತು, ಅದು ಇನ್ನೂ ಲಸಿಕೆ ದೊರೆಯದ ಮಕ್ಕಳನ್ನು ತಟ್ಟೀತು ಎಂದು ಕೆಲವು ತಜ್ಞರು ಹೇಳಿದರು. ಸಿದ್ಧವಾಗಿರಿ ಎಂಬುದು ಅದರ ಅರ್ಥ. ಆದರೆ ಶೀರ್ಷಿಕೆಗೆ ಸಂಭಾವನಾರ್ಥಕ ಒಗ್ಗುವುದಿಲ್ಲ. ಅದಕ್ಕೆ ನಿಶ್ಚಯ ಬೇಕು. ತಜ್ಞರ ಬಾಯಿಂದ 'ತಟ್ಟೀತು' ಎಂದು ಹೊರಟ ಮಾತು ಮನೆಯ ಪರದೆಗೆ ಬರುವ ಹೊತ್ತಿಗೆ 'ತಟ್ಟುತ್ತದೆ' ಎಂದಾಗಿತ್ತು. ಅಂಗಳದ ಮಾತಿಗೆ ಬರುವ ಹೊತ್ತಿಗೆ 'ಮಕ್ಕಳಿಗಂತೂ ಬಂದೇ ಬರುತ್ತದಂತೆ' ಎಂದಾಯಿತು. ಒಂದು ಪ್ರತ್ಯಯ ಉದುರಿದ್ದಕ್ಕೆ ಎಷ್ಟು ತಾಯಂದಿರು ನಿದ್ದೆಗೆಟ್ಟರೋ!

ಅದೇ ಮೇ ತಿಂಗಳಿನಲ್ಲಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ, ಮೂರನೆಯ ಅಲೆ ಮಕ್ಕಳನ್ನೇ ಮುಖ್ಯವಾಗಿ ಕಾಡುವ ಸಂಭವ ತೀರ ಕಡಿಮೆ ಎಂದು ತಿಳಿಸಿತ್ತು. ನಮ್ಮ ಸರ್ಕಾರ ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ತಜ್ಞರ ಸಮಿತಿ ಜೂನ್ ತಿಂಗಳಿನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಮಕ್ಕಳ ಆಸ್ಪತ್ರೆಗಳನ್ನು ಸಜ್ಜುಗೊಳಿಸಬೇಕೆಂಬ ಸಲಹೆಯೂ ಇತ್ತು, ಶಾಲೆಗಳನ್ನು ತೆರೆಯಬೇಕೆಂಬ ಸಲಹೆಯೂ ಇತ್ತು. ಮೊದಲನೆಯದು ಮನೆಮಾತಾಯಿತು, ಎರಡನೆಯದು ಅಷ್ಟು ದೂರ ಹೋಗಲಿಲ್ಲ. ಜುಲೈ ತಿಂಗಳಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಕ್ತಪರೀಕ್ಷೆಯ ಸಮೀಕ್ಷೆ ಹೊರಬಂತು. ದೇಶದ ಆರರಿಂದ ಒಂಬತ್ತು ವಯಸ್ಸಿನ ಮಕ್ಕಳಲ್ಲಿ ಶೇಕಡಾ 57ರಷ್ಟು, ಹತ್ತರಿಂದ ಹದಿನೇಳರವರಲ್ಲಿ ಶೇಕಡಾ 61ಕ್ಕೂ ಹೆಚ್ಚು ಮಂದಿಗೆ ಆಗಲೇ ಪ್ರತಿಕಾಯಗಳಿದ್ದವು. ಅವರಿಗೆ ಲಸಿಕೆ ಸಿಕ್ಕಿರಲಿಲ್ಲ. ಅಂದರೆ ಶಾಲೆಯ ಬಾಗಿಲಿಗೆ ಬೀಗವಿದ್ದಾಗಲೇ ಸೋಂಕು ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಮುಟ್ಟಿ ಹೋಗಿತ್ತು. ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಸರಿಯೆಂದು ಆ ಮಂಡಳಿಯ ಮುಖ್ಯಸ್ಥರೇ ಆಗ ಹೇಳಿದರು. ನಮ್ಮಲ್ಲಿ ಅವು ತೆರೆಯಲು ಇನ್ನೂ ಮೂರು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಕಳೆದುಕೊಂಡದ್ದೇನು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲೆಯ ಮಕ್ಕಳನ್ನು ಪರೀಕ್ಷಿಸಿ 2021ರ ಆರಂಭದಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಹಿಂದಿನ ವರ್ಷ ಇದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇಕಡಾ 92. ಗಣಿತದಲ್ಲಿ ಶೇಕಡಾ 82. ಗಮನಿಸಬೇಕು: ಹೊಸದನ್ನು ಕಲಿಯಲಿಲ್ಲವೆಂದಲ್ಲ, ಕಲಿತದ್ದನ್ನೇ ಮರೆತರು ಎಂದು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಕುಟುಂಬಗಳಲ್ಲಿ ಇನ್ನೊಂದು ಸಮೀಕ್ಷೆ ನಡೆಯಿತು. ಹಳ್ಳಿಯ ಮಕ್ಕಳಲ್ಲಿ ಆನ್‌ಲೈನ್ ಪಾಠವನ್ನು ಕ್ರಮವಾಗಿ ಕಲಿಯುತ್ತಿದ್ದವರು ಶೇಕಡಾ 8 ಮಾತ್ರ. ಏನನ್ನೂ ಓದದಿದ್ದವರು ಶೇಕಡಾ 37. ಮನೆಗೊಂದೇ ಫೋನು, ಅದೂ ತಂದೆಯೊಡನೆ ಕೆಲಸಕ್ಕೆ ಹೋಗಿಬಿಡುವ ಮನೆಗಳಲ್ಲಿ ಬೇರೇನಾದೀತು? ಇನ್ನು ಹೊಟ್ಟೆಯ ಮಾತು. ಬಿಸಿಯೂಟಕ್ಕೆ ಬದಲಾಗಿ ಅಕ್ಕಿ ಬೇಳೆಯನ್ನು ಮನೆಗೆ ಕೊಟ್ಟರು. ಆದರೆ ಮನೆಗೆ ಬಂದ ಅಕ್ಕಿ ಮನೆಮಂದಿಗೆಲ್ಲ, ಶಾಲೆಯ ತಟ್ಟೆಯ ಅನ್ನ ಮಗುವಿಗೇ.

ಮಾಧ್ಯಮಗಳು ಹಾನಿಯನ್ನೇ ಮಾಡಿದವೆಂದು ಹೇಳಿದರೆ ಅದೂ ಅನ್ಯಾಯ. ಎರಡನೆಯ ಅಲೆಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳ ಕಥೆಗಳನ್ನು ನಾಡಿನ ಮುಂದಿಟ್ಟವರು ವರದಿಗಾರರೇ. ಅಂಥ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ರಾಜ್ಯ ಸರ್ಕಾರ 2021ರ ಮೇ ಮುಗಿಯುವುದರೊಳಗೆ ಸಾರಿತು. ಕಣ್ಣಿಗೆ ಕಂಡ ದುಃಖಕ್ಕೆ ನಾಡು ಕಿವುಡಾಗಿರಲಿಲ್ಲ. ಕಾಣದ ದುಃಖವನ್ನು ಕಾಣಿಸುವುದೇ ಪತ್ರಿಕೆಯ ಕೆಲಸವಲ್ಲವೆ?

ಬಾನುಲಿಯಲ್ಲಿ ನಿಂತು ಮಾತಾಡುವಾಗ ಬಾನುಲಿಯದೇ ಒಂದು ಹಳೆಯ ಕಥೆಯನ್ನು ನೆನೆಯದಿರಲಾರೆ. 1937ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪೋಲಿಯೋ ಹರಡಿ, ಶಾಲೆಗಳ ಆರಂಭವನ್ನು ಮುಂದೂಡಬೇಕಾಯಿತು. ಆಗ ಅಲ್ಲಿನ ಆರು ಬಾನುಲಿ ನಿಲಯಗಳು ತಮ್ಮ ಸಮಯವನ್ನು ಬಿಟ್ಟುಕೊಟ್ಟವು. ಮೂರರಿಂದ ಎಂಟನೆಯ ತರಗತಿಯ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹದಿನೈದು ನಿಮಿಷಗಳ ಪಾಠಗಳು ಪ್ರಸಾರವಾದವು. ಯಾವ ಪಾಠ ಎಷ್ಟು ಹೊತ್ತಿಗೆ ಎಂಬುದನ್ನು ಪತ್ರಿಕೆಗಳು ದಿನವೂ ಅಚ್ಚು ಮಾಡಿದವು. ರೇಡಿಯೋ ಇಲ್ಲದ ಮಕ್ಕಳು ಅಲ್ಲಿಯೂ ಹೊರಗುಳಿದರು, ನಿಜ. ಆದರೆ ಆ ಮೂರು ವಾರ ಪತ್ರಿಕೆ ಮಗುವಿನ ಭಯವನ್ನಷ್ಟೇ ಅಲ್ಲ, ಮಗುವಿನ ಪಾಠವನ್ನೂ ಅಚ್ಚು ಹಾಕಿತು. ನಮ್ಮಲ್ಲಿಯೂ 2020ರ ಜುಲೈಯಿಂದ ಚಂದನ ವಾಹಿನಿ ಪಾಠಗಳನ್ನು ಪ್ರಸಾರ ಮಾಡಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಅದು ಮೊದಲು ತಲುಪಿದ್ದು ಮೇಲಿನ ತರಗತಿಗಳನ್ನು. ಹತ್ತಾರು ಖಾಸಗಿ ವಾಹಿನಿಗಳು ಹಗಲಿರುಳೂ ಸೋಂಕಿನ ಸಂಖ್ಯೆಯನ್ನು ಹೇಳುತ್ತಿದ್ದ ನಾಡಿನಲ್ಲಿ, ದಿನಕ್ಕೆ ಅರ್ಧ ಗಂಟೆ ಕಾಗುಣಿತಕ್ಕೆ ಬಿಟ್ಟುಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಸರ್ಕಾರ ಪಾಠ ಕಲಿಯಲಿಲ್ಲವೆಂದೂ ಅಲ್ಲ. 2022ರ ಜನವರಿಯಲ್ಲಿ ಮತ್ತೊಂದು ಅಲೆ ಎದ್ದಾಗ ಬೆಂಗಳೂರಿನಲ್ಲಿ ಶಾಲೆಗಳು ಮುಚ್ಚಿದ್ದು ಆ ತಿಂಗಳ ಕೊನೆಯವರೆಗೆ ಮಾತ್ರ. ಉಳಿದೆಡೆ ಆಯಾ ಜಿಲ್ಲೆಯ ಸ್ಥಿತಿಯನ್ನು ನೋಡಿ ನಿರ್ಧರಿಸಿದರು. ಆ ವರ್ಷ ಮೇ 16ರಂದೇ ಶಾಲೆ ತೆರೆದು, ಕಲಿಕಾ ಚೇತರಿಕೆ ಎಂಬ ಹೆಸರಿನಲ್ಲಿ ಕಳೆದುಹೋದ ಪಾಠಗಳನ್ನು ಮರಳಿ ಕೊಡಲು ಯತ್ನಿಸಿದರು. ಚೇತರಿಕೆ ಎಂಬ ಆ ಪದ ನನಗೆ ಹಿಡಿಸಿತು. ಜ್ವರದಿಂದ ಎದ್ದವನಿಗೆ ಮಾತ್ರವಲ್ಲ, ಪಾಠ ತಪ್ಪಿದವನಿಗೂ ಆರೈಕೆ ಬೇಕು ಎಂದು ಒಪ್ಪಿಕೊಂಡ ಪದ ಅದು.

ಮುಂದೆಯೂ ರೋಗಗಳು ಬಂದಾವು. ಈ ಸಂಭಾವನಾರ್ಥಕವನ್ನು ನಾನು ತಿಳಿದೇ ಬಳಸುತ್ತಿದ್ದೇನೆ. ಆಗ ನಾವು ಮಾಡಬೇಕಾದದ್ದು ಬಹಳವೇನಿಲ್ಲ. ಶಾಲೆ ಮುಚ್ಚುವ ಆಜ್ಞೆಯಲ್ಲಿಯೇ ಅದನ್ನು ಮತ್ತೆ ಪರಿಶೀಲಿಸುವ ದಿನಾಂಕವಿರಲಿ. ನಿರ್ಧರಿಸುವ ಸಮಿತಿಯಲ್ಲಿ ವೈದ್ಯರ ಪಕ್ಕದಲ್ಲಿ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿಗೂ ಒಬ್ಬ ಅಂಗನವಾಡಿ ಕಾರ್ಯಕರ್ತೆಗೂ ಕುರ್ಚಿ ಇರಲಿ. ಸೋಂಕಿನ ಪಟ್ಟಿಯ ಕೆಳಗೆ, ಇಂದಿಗೆ ಶಾಲೆ ಮುಚ್ಚಿ ಎಷ್ಟು ದಿನವಾಯಿತು, ಎಷ್ಟು ಮಕ್ಕಳಿಗೆ ಪಾಠ ತಲುಪಿಲ್ಲ ಎಂಬ ಇನ್ನೆರಡು ಸಾಲುಗಳೂ ಅಚ್ಚಾಗಲಿ. ವರದಿಗಾರರು ತಜ್ಞರ ಬಾಯಿಗೆ ಹಿಡಿದ ಮೈಕನ್ನು ಸ್ವಲ್ಪ ಕೆಳಗಿಳಿಸಿ, ಮೂರಡಿ ಎತ್ತರದಲ್ಲಿಯೂ ಒಮ್ಮೆ ಹಿಡಿಯಲಿ.

ಅಂದು ಒಂದನೆಯ ತರಗತಿಯನ್ನು ಕಾಣದೆ ಎರಡನೆಯದಕ್ಕೆ ಬಂದ ಮಕ್ಕಳು ಈಗ ದೊಡ್ಡ ತರಗತಿಗಳಲ್ಲಿದ್ದಾರೆ. ಓದುವಾಗ ಅವರಲ್ಲಿ ಯಾರಾದರೂ ಒತ್ತಕ್ಷರದ ಮುಂದೆ ತಡವರಿಸಿದರೆ ದಡ್ಡರೆಂದು ಕರೆಯುವ ಮುನ್ನ ನಾವು ಒಂದು ಲೆಕ್ಕವನ್ನು ನೆನೆಯಬೇಕು. ಆ ಹತ್ತೊಂಬತ್ತು ತಿಂಗಳು ಅವರು ತೆಗೆದುಕೊಂಡ ರಜೆಯಲ್ಲ. ಹಿರಿಯರಾದ ನಾವು ಅವರಿಂದ ಪಡೆದ ಸಾಲ. ಅದನ್ನು ತೀರಿಸುವ ಕೆಲಸ ಇನ್ನೂ ಮುಗಿದಿಲ್ಲ.

(ಬಾನುಲಿ ಭಾಷಣ)